ದ್ವೀಪದ ದೇಗುಲ, ದೇಗುಲದ ಗೋಪುರ

ತೆರಕಣಾಂಬಿ ಎಂಬ ಊರಿನ ಹಳೆಯ ದೇವಾಲಯಗಳ ಕಲ್ಲುಕಂಬಗಳ ನಡುವೆ ಬೆಳೆದ ಕಣ್ಣಿಗೆ, ಕಾವೇರಿಯು ಇಬ್ಬಗೆಯಾಗಿ ಹರಿದು ತನ್ನ ತೋಳುಗಳಲ್ಲಿ ಬಳಸಿಕೊಂಡಿರುವ ಶ್ರೀರಂಗಪಟ್ಟಣದ ದ್ವೀಪವೂ, ಅಲ್ಲಿಯ ರಂಗನಾಥನ ಆಲಯವೂ ಅಪರಿಚಿತವೆನಿಸಲಾರವು. ಏಕೆಂದರೆ 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರೇ ಕೆಲವು ವರ್ಷಗಳ ತರುವಾಯ ತೆರಕಣಾಂಬಿಯನ್ನೂ ಮೈಸೂರಿನ ಆಳ್ವಿಕೆಗೆ ಸೇರಿಸಿದರು.

ಗಂಗರ ಸಾಮಂತನಾದ ತಿರುಮಲಯ್ಯನು ಕಟ್ಟಿಸಿದನೆಂದು ಹೇಳಲಾಗುವ ಈ ಆಲಯವು ಒಬ್ಬನೇ ಅರಸನ ಕೀರ್ತಿಯಲ್ಲ. ಹೊಯ್ಸಳರು, ವಿಜಯನಗರದವರು, ಮೈಸೂರಿನ ಒಡೆಯರು ತಂತಮ್ಮ ಭಕ್ತಿಯನ್ನು ಶಿಲೆಯಲ್ಲಿ ಕೂಡಿಸುತ್ತ ಬಂದರು. ಟಿಪ್ಪುಸುಲ್ತಾನನೂ ಬೆಳ್ಳಿಯ ಪಾತ್ರೆಗಳನ್ನು ದೇವರಿಗೆ ಸಮರ್ಪಿಸಿದನು. ವಿಷ್ಣುವಿನ ಇಪ್ಪತ್ತನಾಲ್ಕು ರೂಪಗಳನ್ನು ಕಡೆದ ಚತುರ್ವಿಂಶತಿ ಕಂಬಗಳ ಮುಂದೆ ನಿಂತವನಿಗೆ ಶಂಖಚಕ್ರಗದಾಪದ್ಮಗಳು ಕೈಯಿಂದ ಕೈಗೆ ಸ್ಥಾನ ಬದಲಿಸುವ ಮಾತ್ರದಿಂದಲೇ ನಾಮಾಂತರವುಂಟಾಗುವ ಶಾಸ್ತ್ರವು ಪ್ರತ್ಯಕ್ಷವಾಗುವುದು.

ಆದರೆ ನನ್ನ ಮನಸ್ಸನ್ನು ಸೆರೆಹಿಡಿದುದು ಐದು ನೆಲೆಗಳ ವಿಜಯನಗರ ಶೈಲಿಯ ಗೋಪುರ. ಭಾರವನ್ನು ಹೊರುವ ಕೆಳಭಾಗಕ್ಕೆ ಕಲ್ಲು, ಹಗುರಾಗಿ ಏರಬೇಕಾದ ಮೇಲ್ಭಾಗಕ್ಕೆ ಇಟ್ಟಿಗೆ ಮತ್ತು ಗಾರೆ. ನೆಲೆಯಿಂದ ನೆಲೆಗೆ ಕಿರಿದಾಗುತ್ತ ಕಲಶಗಳಲ್ಲಿ ಪರ್ಯವಸಾನಗೊಳ್ಳುವ ಈ ಕ್ರಮದಲ್ಲಿ ಸ್ಥಪತಿಯ ಗಣಿತವೂ ಭಕ್ತನ ಆಕಾಂಕ್ಷೆಯೂ ಒಂದಾಗಿವೆ. ಇಂತಹ ನೆಲೆನೆಲೆಯ ಏರಿಕೆಯು ಚೀನಾದ ಪಗೋಡದಲ್ಲಿಯೂ ಉಂಟು: ಭಾರತದ ಸ್ತೂಪವೇ ಬೌದ್ಧಧರ್ಮದೊಡನೆ ಚೀನಾಕ್ಕೆ ಹೋಗಿ, ಅಲ್ಲಿ ಬಹುನೆಲೆಯ ಪಗೋಡವಾಗಿ ಬೆಳೆಯಿತು. ಆದರೆ ಪಗೋಡವು ಪವಿತ್ರವಸ್ತುವಿಗೆ ನಿಲಯ. ನಮ್ಮ ಗೋಪುರವೋ ದ್ವಾರ. ಪೂಜ್ಯಮೂರ್ತಿಯನ್ನು ತಗ್ಗಿನ ಗರ್ಭಗೃಹದಲ್ಲಿರಿಸಿ, ಜನರು ಪ್ರವೇಶಿಸುವ ಬಾಗಿಲನ್ನೇ ಗಗನಕ್ಕೆತ್ತಿದ ಆ ಶಿಲ್ಪಿಗಳ ಔದಾರ್ಯವು ಎಂದೆಂದಿಗೂ ವಂದನೀಯವಾದುದು.