ಕಬ್ಬಿಣದ ಸದ್ದನ್ನೂ ಕೇಳಿಸಿಕೊಳ್ಳಿ

ಇಂಗ್ಲೆಂಡಿನಲ್ಲಿ ಬೆಳೆ ಕಟಾವಾದ ಮೇಲೆ ರೈತರ ಒಪ್ಪಿಗೆ ಪಡೆದು, ಮೆಟಲ್ ಡಿಟೆಕ್ಟರ್ ಹಿಡಿದು ಉತ್ತ ಹೊಲಗಳಲ್ಲಿ ಹಳೆಯ ನಾಣ್ಯ ಹುಡುಕುವವರು ಸಾವಿರಾರು ಮಂದಿ. ಅವರಲ್ಲಿ ಯಾರಿಗಾದರೂ ಒಳ್ಳೆಯ ನಾಣ್ಯ ಸಿಕ್ಕಿತೆಂದರೆ ಉಳಿದವರು ಮೊದಲು ಕೇಳುವುದು ‘ನಿಮ್ಮ ಸೆಟ್ಟಿಂಗ್ ಏನು?’ ಎಂದು. ಆ ಯಂತ್ರದ ಅಂಕಿಗಳನ್ನು ಬರೆದುಕೊಂಡು, ತಮ್ಮದಕ್ಕೂ ಹಾಗೆಯೇ ತುಂಬಿ, ಬೇರೊಂದು ಊರಿನ ಬೇರೊಂದು ಮಣ್ಣಿಗೆ ಇಳಿಯುವುದು ಈ ಹವ್ಯಾಸದಲ್ಲಿ ಬೇರೂರಿದ ರೂಢಿ. ನಾಣ್ಯಕ್ಕಾಗಿ ಯಂತ್ರವನ್ನು ಹದಗೊಳಿಸುವುದು ಬೇಕಾದದ್ದೇ. ಆದರೆ ಬಹಳ ಮಂದಿ ಅದನ್ನು ಮಾಡುವ ಬಗೆಯಲ್ಲಿ, ಬೇಡದ ಸದ್ದನ್ನು ಅಡಗಿಸಲು ಹೋಗಿ ಬೇಕಾದ ಸದ್ದನ್ನೂ ಕಳೆದುಕೊಳ್ಳುತ್ತಾರೆ ಎಂಬುದು ನನ್ನ ತಕರಾರು.

ಉದಾಹರಣೆಗೆ 2018ರಲ್ಲಿ ಬಂದ ಮೈನ್‌ಲ್ಯಾಬ್ ಇಕ್ವಿನಾಕ್ಸ್ 800 ಯಂತ್ರವನ್ನೇ ನೋಡೋಣ. ಹವ್ಯಾಸಿಗಳ ಕೈಗೆಟುಕುವ ಬೆಲೆಯಲ್ಲಿ ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿಗಳಲ್ಲಿ ಕೆಲಸ ಮಾಡುವ ಯಂತ್ರವೆಂದು ಅದು ಹೆಸರಾಯಿತು. ಪಾರ್ಕ್, ಫೀಲ್ಡ್, ಬೀಚ್, ಗೋಲ್ಡ್ ಎಂಬ ಸಿದ್ಧ ಕ್ರಮಗಳು ಅದರಲ್ಲಿವೆ. ಸೆನ್ಸಿಟಿವಿಟಿ 1ರಿಂದ 25ರವರೆಗೆ, ರಿಕವರಿ ಸ್ಪೀಡ್ 1ರಿಂದ 8ರವರೆಗೆ, ಐರನ್ ಬಯಾಸ್ 0ಯಿಂದ 9ರವರೆಗೆ ಏರಿಳಿಸಬಹುದು. ಸಿಕ್ಕ ಲೋಹಕ್ಕೆ ಪರದೆಯ ಮೇಲೆ -9ರಿಂದ 40ರೊಳಗಿನ ಒಂದು ಸಂಖ್ಯೆ ಮೂಡುತ್ತದೆ. ಬೇಡವೆನಿಸಿದ ಸಂಖ್ಯೆಗಳನ್ನು ಮೌನವಾಗಿಸಲೂಬಹುದು. ಇದೇ ಡಿಸ್ಕ್ರಿಮಿನೇಷನ್. ಅನಾಹುತವೆಲ್ಲ ಹೆಚ್ಚಾಗಿ ಶುರುವಾಗುವುದು ಇಲ್ಲಿಂದ.

ಆ ಸಂಖ್ಯೆ ಲೋಹದ ಹೆಸರಲ್ಲ. ನೆಲದ ಮೇಲೆ ಬೀಸುವ ತಂತಿಸುರುಳಿ, ಅಂದರೆ ಕಾಯಿಲ್, ಹೊಮ್ಮಿಸುವ ಕಾಂತಕ್ಷೇತ್ರ ಬದಲಾಗುತ್ತಿರುವಾಗ ನೆಲದೊಳಗಿನ ಲೋಹದಲ್ಲಿ ಸುಳಿವಿದ್ಯುತ್ ಹುಟ್ಟುತ್ತದೆ. ಅದು ತನ್ನದೇ ಕ್ಷೇತ್ರವನ್ನು ಮರಳಿ ಕಳಿಸುತ್ತದೆ. ಹಾಗೆ ಮರಳಿದ್ದು ಎಷ್ಟು ತಡವಾಗಿ ಬಂತು ಎನ್ನುವುದರ ಮೇಲೆ ಯಂತ್ರ ಅಂಕಿ ಕೊಡುತ್ತದೆ. ಆ ತಡದಲ್ಲಿ ಲೋಹದ ವಾಹಕತೆ ಮಾತ್ರವಲ್ಲ, ವಸ್ತುವಿನ ಗಾತ್ರ, ದಪ್ಪ, ಅದು ಮಲಗಿದೆಯೋ ಅಂಚಿನ ಮೇಲೆ ನಿಂತಿದೆಯೋ, ಪಕ್ಕದಲ್ಲಿ ಏನಿದೆ ಎಂಬುದೆಲ್ಲ ಸೇರಿರುತ್ತದೆ. ಇದನ್ನು ಮರೆತವರು ಆ ಸಂಖ್ಯೆಯನ್ನು ನಾಣ್ಯದ ಬೆಲೆಚೀಟಿಯೆಂದು ನಂಬಿಬಿಡುತ್ತಾರೆ.

ಅಮೆರಿಕದ ಉದ್ಯಾನಗಳಲ್ಲಿ ಇದರ ಫಲ ಕಣ್ಣಿಗೆ ಹೊಡೆಯುವಂತಿದೆ. ಅಲ್ಲಿನ ಐದು ಸೆಂಟಿನ ನಿಕ್ಕಲ್ ನಾಣ್ಯದಲ್ಲಿ 75 ಪಾಲು ತಾಮ್ರ, 25 ಪಾಲು ನಿಕ್ಕಲ್. ಇಕ್ವಿನಾಕ್ಸ್‌ನಲ್ಲಿ ಅದು ಸುಮಾರು 13ರ ಹತ್ತಿರ ಬರುತ್ತದೆ. ಹಳೆಯ ಪಾನೀಯದ ಡಬ್ಬಗಳಿಂದ ಕಿತ್ತೆಸೆದ ಅಲ್ಯೂಮಿನಿಯಂ ಪುಲ್-ಟ್ಯಾಬ್‌ಗಳೂ ಅದೇ ಸುತ್ತಿನಲ್ಲಿ ಬರುತ್ತವೆ. ಸಣ್ಣ ಚಿನ್ನದ ಉಂಗುರಗಳೂ ಅಷ್ಟೇ. ಕಸ ಬೇಡವೆಂದು ಆ ಭಾಗವನ್ನು ಮುಚ್ಚಿದವರು ನಿಕ್ಕಲನ್ನೂ ಚಿನ್ನವನ್ನೂ ಒಟ್ಟಿಗೇ ನೆಲದಲ್ಲಿ ಬಿಟ್ಟು ಬರುತ್ತಾರೆ. 1964ರವರೆಗೆ ನೂರಕ್ಕೆ 90 ಪಾಲು ಬೆಳ್ಳಿಯಿಂದ ಮಾಡಿದ ಡೈಮ್ ಮತ್ತು ಕ್ವಾರ್ಟರ್‌ಗಳು ಮೇಲಿನ ಸಂಖ್ಯೆಗಳಲ್ಲಿ ಗಟ್ಟಿಯಾಗಿ ಕೂಗುತ್ತವೆ, ನಿಜ. ಆದರೆ ಅವುಗಳ ಬೆನ್ನುಹತ್ತಿದವರ ಕೈಚೀಲ ದಿನದಿನಕ್ಕೆ ಹಗುರಾಗುತ್ತಿದೆ. ಹಳೆಯ ಉದ್ಯಾನಗಳಲ್ಲಿ ಆ ಗಟ್ಟಿ ಸದ್ದುಗಳನ್ನು ಹಿಂದಿನವರೇ ಅಗೆದೊಯ್ದಿದ್ದಾರೆ. ಈಗ ಉಳಿದಿರುವುದು ಅವರು ಕೇಳಲೊಲ್ಲದ ಸದ್ದುಗಳು.

ಇಂಗ್ಲೆಂಡಿನ ಮಧ್ಯಕಾಲದ ಬೆಳ್ಳಿ ಪೆನ್ನಿಯ ಕಥೆ ಇನ್ನೂ ಸೂಕ್ಷ್ಮ. ಸುತ್ತಿಗೆಯಿಂದ ಹೊಡೆದು ಟಂಕಿಸಿದ ಆ ನಾಣ್ಯದ ತೂಕ ಸುಮಾರು 1.4 ಗ್ರಾಂ, ತಗಡಿನಷ್ಟು ತೆಳು. ಒಂದನೇ ಎಡ್ವರ್ಡ್‌ನ ಕಾಲದಲ್ಲಿ, 1279ರ ಸುಧಾರಣೆಯ ಬಳಿಕ, ದುಂಡನೆಯ ಅರ್ಧ ಪೆನ್ನಿ, ಕಾಲು ಪೆನ್ನಿಗಳು ಧಾರಾಳವಾಗಿ ಬಂದವು. ಅಲ್ಲಿಯವರೆಗೆ ಚಿಲ್ಲರೆ ಬೇಕೆಂದರೆ ಪೆನ್ನಿಯನ್ನೇ ಅರ್ಧಕ್ಕೆ, ಕಾಲಿಗೆ ಕತ್ತರಿಸಿ ಕೊಡುತ್ತಿದ್ದರು. ಹಾಗೆ ಕತ್ತರಿಸಿದ ಕಾಲು ಚೂರು ಅರ್ಧ ಗ್ರಾಮಿಗೂ ಕಡಿಮೆ. ನಮ್ಮ ವಿಜಯನಗರ ಕಾಲದ ಪುಟಾಣಿ ಚಿನ್ನದ ಹಣಗಳೂ ಹೆಚ್ಚುಕಡಿಮೆ ಅಷ್ಟೇ ತೂಕದವು. ಬೆಳ್ಳಿ ಅತ್ಯುತ್ತಮ ವಾಹಕವಾದರೂ ಈ ಚೂರು ಮೇಲಿನ ಸಂಖ್ಯೆ ಕೊಡುವುದಿಲ್ಲ, ಕಾಗದದಂಥ ಅಲ್ಯೂಮಿನಿಯಂ ಹಾಳೆಯ ಜೊತೆಗೆ ಕೆಳಗೆಲ್ಲೋ ಸಣ್ಣಗೆ ಸದ್ದು ಮಾಡುತ್ತದೆ. ಬೆಳ್ಳಿಯ ಸಂಖ್ಯೆಗಳನ್ನಷ್ಟೇ ತೆರೆದಿಟ್ಟು ಹೊಲಕ್ಕೆ ಹೋದವರಿಗೆ ಆ ಹೊಲದ ಹದಿಮೂರನೇ ಶತಮಾನದ ಚಿಲ್ಲರೆ ವ್ಯವಹಾರವೇ ಕಾಣದೆ ಹೋಗುತ್ತದೆ. ನನಗೆ ಇದು ಬರೀ ಒಂದು ನಾಣ್ಯ ತಪ್ಪಿದ ವಿಷಯವಲ್ಲ. ಸಂತೆಗೆ ಹೋದ ಬಡವರ ಕೈಯಲ್ಲಿ ಓಡಾಡಿದ ದುಡ್ಡು ಅದು.

ಇನ್ನು ಐರನ್ ಬಯಾಸ್. ಚಪ್ಪಟೆ ಕಬ್ಬಿಣ, ವಾಷರು, ಬಾಟಲಿ ಮುಚ್ಚಳಗಳು ಒಳ್ಳೆಯ ಲೋಹದಂತೆ ಕೂಗಿ ಮೋಸ ಮಾಡುತ್ತವೆ. ಅನುಮಾನದ ಸದ್ದುಗಳನ್ನು ಕಬ್ಬಿಣದ ಕಡೆಗೆ ತಳ್ಳುವ ತಿರುಪು ಇದು. ಮುಚ್ಚಳ ತುಂಬಿದ ಉದ್ಯಾನದಲ್ಲಿ ಇದನ್ನು ಏರಿಸುವುದರಲ್ಲಿ ಅರ್ಥವಿದೆ. ಆದರೆ ಅದೇ ಅಂಕಿಯನ್ನು ರೋಮನ್ ಮನೆಯೊಂದು ಕುಸಿದು ಮೊಳೆಗಳು ಹರಡಿರುವ ಹೊಲಕ್ಕೆ ಒಯ್ದರೆ, ಮೊಳೆಯ ಪಕ್ಕದಲ್ಲಿರುವ ಕಂಚಿನ ನಾಣ್ಯವೂ ಕಬ್ಬಿಣದ ಲೆಕ್ಕಕ್ಕೆ ಹೋಗುತ್ತದೆ. ಹಿಂದೆ ಜನ ಬಾಳಿದ ಜಾಗದಲ್ಲಿ ಕಬ್ಬಿಣ ಇದ್ದೇ ಇರುತ್ತದೆ. ಜನರಿದ್ದಲ್ಲೇ ನಾಣ್ಯವೂ ಬಿದ್ದಿರುತ್ತದೆ. ಹಾಗಾಗಿ ಕಬ್ಬಿಣದ ಗುರುಗುಟ್ಟುವಿಕೆಯನ್ನು ಪೂರ್ತಿ ಅಡಗಿಸುವುದೆಂದರೆ ಜಾಗದ ಬಗ್ಗೆ ಯಂತ್ರ ಕೊಡುವ ಅತ್ಯಂತ ಒಳ್ಳೆಯ ಸುಳಿವನ್ನೇ ಅಡಗಿಸಿದಂತೆ. ಇಕ್ವಿನಾಕ್ಸ್‌ನಲ್ಲಿ ಕುದುರೆಲಾಳದ ಗುರುತಿನ ಗುಂಡಿ ಒತ್ತಿದರೆ ಮುಚ್ಚಿದ್ದೆಲ್ಲ ತೆರೆದುಕೊಳ್ಳುತ್ತದೆ. ಇಡೀ ಯಂತ್ರದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಆ ಒಂದು ಗುಂಡಿಗೆ. ಕಬ್ಬಿಣಕ್ಕೆ ತಗ್ಗಿದ ದನಿ, ಸಣ್ಣ ವಾಲ್ಯೂಮ್ ಕೊಟ್ಟು ತೆರೆದೇ ಇಟ್ಟರೆ ಕಿವಿಗೂ ಅಷ್ಟೇನೂ ಹಿಂಸೆಯಿಲ್ಲ.

ರಿಕವರಿ ಸ್ಪೀಡ್ ಎಂದರೆ ಒಂದು ಸದ್ದು ಮುಗಿಸಿ ಯಂತ್ರ ಮುಂದಿನದಕ್ಕೆ ಸಿದ್ಧವಾಗುವ ವೇಗ. ಅದು ಕಡಿಮೆಯಾದರೆ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕಿದಂತೆ ಮೊಳೆ ಮತ್ತು ನಾಣ್ಯದ ಸದ್ದುಗಳು ಕಲಸಿಕೊಳ್ಳುತ್ತವೆ. ಹೆಚ್ಚಾದರೆ ಬೇರೆಬೇರೆ ಕೇಳುತ್ತವೆ, ಆದರೆ ಆಳ ಒಂದಿಷ್ಟು ಕೈಬಿಡುತ್ತದೆ. ಮೊಳೆ ತುಂಬಿದ ನೆಲಕ್ಕೆ 6 ಅಥವಾ 7, ಕಸ ಕಡಿಮೆಯಿರುವ ಹುಲ್ಲುಗಾವಲಿಗೆ 4 ಅಥವಾ 5 ಎಂಬಲ್ಲಿಂದ ಹೊರಟು ಕಿವಿಯ ಮೇಲೆ ನಂಬಿಕೆಯಿಟ್ಟು ತಿದ್ದಿಕೊಳ್ಳುವುದು ಸರಿ. ಜೊತೆಗೆ 11 ಇಂಚಿನ ಕಾಯಿಲ್ ಬಿಚ್ಚಿ 6 ಇಂಚಿನದನ್ನು ಹಾಕಿದರೆ, ಕಬ್ಬಿಣದ ನಡುವೆ ಅದು ಕೊಡುವ ಲಾಭವನ್ನು ಯಾವ ಮೆನುವೂ ಕೊಡಲಾರದು.

ಕ್ಷೀಣ ಸದ್ದನ್ನೂ ಹಿಡಿಯಲೆಂದು ಏರಿಸುವ ಸೆನ್ಸಿಟಿವಿಟಿಯ ಮೇಲಿನ ಮೋಹ ಬೇಗ ಬಿಡಬೇಕಾದದ್ದು. ಕಾಯಿಲ್‌ನಿಂದ ದೂರ ಹೋದಂತೆ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಮರಳಿ ಬರುವಾಗಲೂ ಹಾಗೆಯೇ. ಆದ್ದರಿಂದ ಆಳದಲ್ಲಿರುವ ಸಣ್ಣ ನಾಣ್ಯ ಇನ್ನೂ ಎರಡರಷ್ಟು ಆಳಕ್ಕೆ ಹೋದರೆ ಅದರ ಸದ್ದು ಹೆಚ್ಚುಕಡಿಮೆ 64 ಪಟ್ಟು ಕ್ಷೀಣಿಸುತ್ತದೆ. ತಯಾರಕರು ಇಟ್ಟ 20ನ್ನು 25ಕ್ಕೆ ಏರಿಸಿದ ಮಾತ್ರಕ್ಕೆ ಆ ಕಂದಕ ದಾಟಲಾಗದು. ಖನಿಜ ಹೆಚ್ಚಿರುವ ಮಣ್ಣಿನಲ್ಲಿ, ವಿದ್ಯುತ್ ತಂತಿಗಳ ಕೆಳಗೆ ಯಂತ್ರ ವಟಗುಟ್ಟತೊಡಗಿ, ನಿಜವಾದ ಸಣ್ಣ ಸದ್ದು ಆ ಗದ್ದಲದಲ್ಲಿ ಕಳೆದುಹೋಗುತ್ತದೆ. ಮಣ್ಣಿನ ಖನಿಜದ ಸದ್ದನ್ನು ತಗ್ಗಿಸುವ ಗ್ರೌಂಡ್ ಬ್ಯಾಲೆನ್ಸ್ ಸರಿಮಾಡಿ, ಯಂತ್ರ ನೆಮ್ಮದಿಯಿಂದಿರುವಷ್ಟಕ್ಕೆ ಸೆನ್ಸಿಟಿವಿಟಿ ಇಳಿಸಿ, ಕಾಯಿಲನ್ನು ನೆಲಕ್ಕೆ ತಾಗುವಷ್ಟು ಹತ್ತಿರ ಹಿಡಿದು ನಿಧಾನವಾಗಿ ಬೀಸುವವರಿಗೇ ಹೆಚ್ಚು ಸಿಗುತ್ತದೆ.

ಬೇಕಾದ ಸದ್ದನ್ನು ಮರೆಮಾಚುವ ಲೋಹದ ತೊಂದರೆ ಮೆಟಲ್ ಡಿಟೆಕ್ಟರಿನ ಹುಟ್ಟಿನಷ್ಟೇ ಹಳೆಯದು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿತ್ತು. ಒಳಗುಳಿದ ಗುಂಡನ್ನು ಪತ್ತೆಮಾಡಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಡಕ್ಷನ್ ಬ್ಯಾಲೆನ್ಸ್ ಎಂಬ ಸಾಧನ ತಂದರು. ಹಾಸಿಗೆಯ ಕೆಳಗಿದ್ದ ಉಕ್ಕಿನ ಸ್ಪ್ರಿಂಗ್‌ಗಳು ಸದ್ದನ್ನು ಕೆಡಿಸಿದವು. ಅದಕ್ಕಿಂತ ದೊಡ್ಡ ತೊಡಕೆಂದರೆ, ಗುಂಡು ಬಲಬದಿಯಲ್ಲಿದೆ ಎಂದು ತೀರ್ಮಾನಿಸಿದ್ದ ವೈದ್ಯರು ಆ ಬದಿಯಲ್ಲಷ್ಟೇ ಹುಡುಕಲು ಬಿಟ್ಟರು. ಶವಪರೀಕ್ಷೆಯಲ್ಲಿ ಅದು ಎಡಬದಿಯಲ್ಲಿ ಸಿಕ್ಕಿತು. ಎಲ್ಲಿ ಇರಬೇಕು, ಹೇಗೆ ಕೂಗಬೇಕು ಎಂದು ಮೊದಲೇ ನಿರ್ಧರಿಸಿ ಹೊರಟ ಹುಡುಕಾಟಕ್ಕೆ ಎಷ್ಟು ಒಳ್ಳೆಯ ಸಾಧನವೂ ಕೈಕೊಡುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು ಇಂಗ್ಲೆಂಡಿನ ಸಾಮರ್‌ಸೆಟ್‌ನ ಫ್ರೋಮ್ ಬಳಿ 2010ರ ಏಪ್ರಿಲ್‌ನಲ್ಲಿ ನಡೆದ ಘಟನೆ. ಹವ್ಯಾಸಿ ಡೇವ್ ಕ್ರಿಸ್ಪ್ ಅವರಿಗೆ ಹೊಲದಲ್ಲಿ ಕೇಳಿಸಿದ್ದು ಅಚ್ಚುಕಟ್ಟಾದ ನಾಣ್ಯದ ಸದ್ದಲ್ಲ, ಎಂಥದೋ ವಿಚಿತ್ರ ಸದ್ದು. ಅದನ್ನು ತಳ್ಳಿಹಾಕದೆ ಅಗೆದಾಗ ಮಡಕೆಯೊಂದರ ಬಾಯಿ ಕಂಡಿತು. ಅಲ್ಲಿಗೇ ಕೈ ನಿಲ್ಲಿಸಿ ಅವರು ಪುರಾತತ್ವಜ್ಞರಿಗೆ ಸುದ್ದಿ ಮುಟ್ಟಿಸಿದರು. ಮೂರನೇ ಶತಮಾನದ 52,503 ರೋಮನ್ ನಾಣ್ಯಗಳು ಅದರಲ್ಲಿದ್ದವು. ತಜ್ಞರು ಪದರ ಪದರವಾಗಿ ಬಿಡಿಸಿದ್ದರಿಂದ, ಆ ನಾಣ್ಯಗಳಲ್ಲಿ ಕಾಣುವ ಕೊನೆಯ ಅರಸರಲ್ಲೊಬ್ಬನಾದ ಕರಾಸಿಯಸ್‌ನ ನಾಣ್ಯಗಳು ಮಡಕೆಯ ಮೇಲ್ಭಾಗದಲ್ಲಲ್ಲ, ಒಳಗೆ ಕೆಳಗಡೆ ಹೆಚ್ಚಾಗಿವೆ ಎಂದು ತಿಳಿಯಿತು. ವರ್ಷವರ್ಷವೂ ಕೂಡಿಟ್ಟ ಉಳಿತಾಯ ಹಾಗಿರಲಾರದು, ಒಂದೇ ಸಲಕ್ಕೆ ಸುರಿದದ್ದು, ಬಹುಶಃ ಹರಕೆ ಎಂಬ ವಾದ ಹುಟ್ಟಿದ್ದು ಆ ಪದರಗಳಿಂದ. ಯಂತ್ರ ಹಿಡಿದವರ ಕಿವಿಯಷ್ಟೇ ಅವರ ಸಂಯಮವೂ ಆ ಜ್ಞಾನಕ್ಕೆ ಕಾರಣ.

ನಮ್ಮಲ್ಲಿ ಈ ಯಂತ್ರದ ಮಾತು ಬಂದಾಗ ನನಗೆ ಭಯವೇ ಹೆಚ್ಚು. 1891ರಲ್ಲಿ ಯಶವಂತಪುರದ ಬಳಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿದ್ದುಂಟು. ಇಂಥ ನಾಡಿನಲ್ಲಿ ನಿಧಿಯಾಸೆಗೆ ಪಾಳು ಗುಡಿ, ಕೋಟೆಗಳ ನೆಲ ಅಗೆಯುವ ಪಿಡುಗು ಇನ್ನೂ ಬಿಟ್ಟಿಲ್ಲ. 1958ರ ಸ್ಮಾರಕ ಕಾಯ್ದೆಯಡಿ ಸಂರಕ್ಷಿತ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ಹವ್ಯಾಸಿಯೊಬ್ಬರು ತಂದ ಸಣ್ಣ ನಾಣ್ಯವನ್ನು ದಂಡದ ಹೆದರಿಕೆಯಿಲ್ಲದೆ ದಾಖಲಿಸಿಕೊಳ್ಳುವ ಇಂಗ್ಲೆಂಡಿನಂಥ ವ್ಯವಸ್ಥೆ ನಮ್ಮಲ್ಲಿ ಬರುವವರೆಗೆ ಇಲ್ಲಿ ಸೆಟ್ಟಿಂಗ್‌ಗಳ ಚರ್ಚೆಗೆ ಜಾಗವಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿ ಈ ಹವ್ಯಾಸಕ್ಕೆ ಇಳಿಯುವ ಕನ್ನಡಿಗರಿಗೆ ಹೇಳುವುದಿಷ್ಟು. ಬೇರೆಯವರ ಅಂಕಿಗಳನ್ನು ಕೇಳುವ ಮೊದಲು ಅವರ ಮಣ್ಣು ಎಂಥದು, ಕಸ ಎಂಥದು ಎಂದು ಕೇಳಿ. ಫೀಲ್ಡ್ ಕ್ರಮದಿಂದ ಹೊರಟು, ಒಂದು ಸಲಕ್ಕೆ ಒಂದೇ ತಿರುಪು ಬದಲಿಸಿ, ಅದೇ ಜಾಗದ ಮೇಲೆ ಮತ್ತೆ ಬೀಸಿ ನೋಡಿ. ಸಂರಕ್ಷಿತ ಸ್ಮಾರಕಗಳ ಹತ್ತಿರ ಯಂತ್ರ ತೆಗೆಯಬೇಡಿ. ಒಂದೊಂದು ನಾಣ್ಯ ಸಿಕ್ಕ ಜಾಗವನ್ನೂ ಬರೆದಿಟ್ಟು, ಇಂಥವನ್ನು ದಾಖಲಿಸಿಕೊಳ್ಳುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ಗೆ ಕೊಡಿ. 300 ವರ್ಷ ಮೀರಿದ ಎರಡು ಬೆಳ್ಳಿ ಅಥವಾ ಚಿನ್ನದ ನಾಣ್ಯ, ಬೇರೆ ಲೋಹದ್ದಾದರೆ ಹತ್ತು, ಒಂದೇ ಕಡೆ ಸಿಕ್ಕರೆ ಅಲ್ಲಿನ 1996ರ ನಿಧಿ ಕಾಯ್ದೆಯಂತೆ ಅದು ನಿಧಿ. 14 ದಿನದೊಳಗೆ ತಿಳಿಸಬೇಕು. ಸದ್ದು ಗುಂಪಾಗಿ ಬರತೊಡಗಿದರೆ ಗುದ್ದಲಿ ಕೆಳಗಿಟ್ಟು ಆ ಭಾಗದಲ್ಲಿ ಈ ಸ್ಕೀಮಿನ ಕೆಲಸ ನೋಡುವ ಫೈಂಡ್ಸ್ ಲಿಯೇಸನ್ ಅಧಿಕಾರಿಗೆ ಫೋನ್ ಮಾಡಿ.