ಬಾಲಗಂಧರ್ವರೂ ವಾಕ್ಚಿತ್ರವೂ

ಮಹಾರಾಷ್ಟ್ರದ ನಟಶ್ರೇಷ್ಠರಾದ ಬಾಲಗಂಧರ್ವರ ಹೆಸರನ್ನು ಕೇಳದ ಸಂಗೀತರಸಿಕರು ಕರ್ನಾಟಕದ ಉತ್ತರಭಾಗದಲ್ಲಿ ವಿರಳ. ನಾರಾಯಣ ಶ್ರೀಪಾದ ರಾಜಹಂಸರೆಂಬುದು ಅವರ ನಿಜನಾಮಧೇಯ. ಬಾಲ್ಯದಲ್ಲಿಯೇ ಅವರ ಗಾನವನ್ನು ಕೇಳಿ ಮೆಚ್ಚಿದ ಲೋಕಮಾನ್ಯ ತಿಲಕರು ಈ ಬಿರುದನ್ನಿತ್ತರೆಂದು ಪ್ರತೀತಿಯುಂಟು. ೧೮೮೮ರಲ್ಲಿ ಜನಿಸಿ ೧೯೬೭ರಲ್ಲಿ ಕಾಲವಾದ ಈ ನಟರನ್ನು ಕುರಿತು ಬರೆಯತೊಡಗುವವರು ಸಾಮಾನ್ಯವಾಗಿ ಒಂದೇ ದಾರಿಯನ್ನು ಹಿಡಿಯುವರು: ಮೊದಲು ವೈಭವ, ಅನಂತರ ಸಾಲ, ಅದರ ಬೆನ್ನಿಗೆ ವಾಕ್ಚಿತ್ರದ ಹಾವಳಿ, ಕಡೆಗೆ ಕರುಣಾಜನಕವಾದ ಮುಪ್ಪು. ಈ ಕಥೆಯಲ್ಲಿ ಸುಳ್ಳಿಲ್ಲ. ಆದರೆ ವಾಕ್ಚಿತ್ರವು ರಂಗಭೂಮಿಯವರೆಲ್ಲರ ಮೇಲೂ ಬಂದೆರಗಿದ ವಿಪತ್ತು. ಅದರೊಳಕ್ಕೆ ಹೊಕ್ಕು ಗೆದ್ದ ನಟರೂ ಇದ್ದಾರೆ. ಬಾಲಗಂಧರ್ವರಂಥವರು ಅಲ್ಲಿ ಏಕೆ ನಿಲ್ಲಲಾರದೆ ಹೋದರೆಂಬ ಪ್ರಶ್ನೆಗೆ ಈ ಕಥೆಯು ಉತ್ತರವನ್ನು ಕೊಡದು.

ಅವರು ೧೯೦೫ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯನ್ನು ಸೇರಿ ಮಿರಜೆಯಲ್ಲಿ ಶಕುಂತಲೆಯಾಗಿ ರಂಗವೇರಿದರು. ಆ ಮಂಡಳಿಯ ಮೂಲಪುರುಷರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅದಕ್ಕೂ ಹಿಂದೆ ಸಾಂಗಲಿಯ ವಿಷ್ಣುದಾಸ ಭಾವೆಯವರಿಗೆ ೧೮೪೩ರಲ್ಲಿ ಮರಾಠಿ ನಾಟಕವನ್ನು ಕಟ್ಟಲು ಪ್ರೇರಣೆಯಾದುದು ನಮ್ಮ ಕರ್ಕಿಯ ಭಾಗವತರ ಮೇಳ. ಆದಕಾರಣ ಈ ವಿಚಾರವು ಕನ್ನಡಿಗರಿಗೆ ಕೇವಲ ನೆರೆಮನೆಯ ಸುದ್ದಿಯಲ್ಲ.

ಭರತಮುನಿಯು ನಾಟ್ಯದಲ್ಲಿ ಲೋಕಧರ್ಮಿಯೆಂದೂ ನಾಟ್ಯಧರ್ಮಿಯೆಂದೂ ಎರಡು ಬಗೆಯನ್ನು ಹೇಳಿರುವನು. ಲೋಕದಲ್ಲಿ ಇದ್ದಂತೆ ತೋರಿಸುವುದು ಮೊದಲನೆಯದು. ನಟನೂ ಪ್ರೇಕ್ಷಕನೂ ಒಪ್ಪಿಕೊಂಡ ಕಟ್ಟಳೆಯಂತೆ ತೋರಿಸುವುದು ಎರಡನೆಯದು. ಪುರುಷನು ಸ್ತ್ರೀಪಾತ್ರವನ್ನು ವಹಿಸುವುದಕ್ಕೂ ಅವನು ‘ರೂಪಾನುಸಾರಿಣಿ’ಯೆಂಬ ಹೆಸರನ್ನಿಟ್ಟು ಶಾಸ್ತ್ರದಲ್ಲಿ ಸ್ಥಾನವನ್ನು ಕೊಟ್ಟಿದ್ದಾನೆ. ಬಾಲಗಂಧರ್ವರ ಕಲೆಯೆಲ್ಲವೂ ಈ ಎರಡನೆಯ ಬಗೆಗೆ ಸೇರಿದುದು. ೧೯೧೧ರ ‘ಮಾನಾಪಮಾನ’ದ ಭಾಮಿನಿಯನ್ನು ನೋಡುತ್ತಿದ್ದವರಿಗೆ ಎದುರಿಗಿರುವುದು ಪುರುಷನೆಂಬುದು ತಿಳಿದೇ ಇದ್ದಿತು. ಅವರು ಮೋಸಹೋಗಿ ನಲಿದವರಲ್ಲ. ಅರಿತೂ ಒಪ್ಪಿ ನಲಿದವರು. ಆ ನಾಟಕದ ಮೊದಲ ಪ್ರಯೋಗದ ದಿನವೇ ಹಸುಮಗಳು ತೀರಿಕೊಂಡಿದ್ದರೂ ಬಾಲಗಂಧರ್ವರು ಬಣ್ಣ ಹಚ್ಚಿ ರಂಗಕ್ಕೆ ಬಂದರೆಂದು ಎಲ್ಲರೂ ಬರೆಯುವರು. ಅದು ಅವರ ಧೈರ್ಯದ ಮಾತಾಯಿತೇ ಹೊರತು ಅಭಿನಯದ ವಿಮರ್ಶೆಯಾಗಲಿಲ್ಲ.

ಅವರ ಮೇಲೆ ಹೊರಿಸಬಹುದಾದ ದೊಡ್ಡ ದೋಷವೆಂದರೆ ಹಾಡಿನ ವಿಸ್ತಾರ. ೧೯೧೩ರಲ್ಲಿ ಗೋವಿಂದರಾವ ಟೆಂಬೆ, ಗಣಪತರಾವ ಬೋಡಸರೊಡನೆ ಕೂಡಿ ಗಂಧರ್ವ ನಾಟಕ ಮಂಡಳಿಯನ್ನು ಸ್ಥಾಪಿಸಿದ ಮೇಲೆ ಇದು ಬೆಳೆಯಿತು. ೧೯೧೬ರ ‘ಸ್ವಯಂವರ’ಕ್ಕೆ ರಾಗಗಳನ್ನು ಕೂಡಿಸಿದವರು ಭಾಸ್ಕರಬುವಾ ಬಖಲೆಯವರು, ಸಾರಂಗಿಗೆ ಕಾದರಬಕ್ಷರು, ಮುಂದೆ ತಬಲಕ್ಕೆ ಅಹಮದಜಾನ ತಿರಖವಾರಂಥ ಉಸ್ತಾದರು. ಇಂಥ ಸಾಮಗ್ರಿಯಿರಲು ಸಭಿಕರು ‘ಒನ್ಸ್‌ಮೋರ್’ ಎಂದು ಕೂಗದೆ ಬಿಡುವರೆ? ಕೃಷ್ಣನಿಗೆ ಓಲೆ ಕಳುಹಿಸಬೇಕಾದ ರುಕ್ಮಿಣಿಯು ಹಾಡಿದ ಪದವನ್ನೇ ಮತ್ತೆ ಮತ್ತೆ ಹಾಡುತ್ತ ನಿಲ್ಲುವಳು. ಕಥೆಯು ಅಷ್ಟು ಹೊತ್ತು ಬಾಗಿಲಲ್ಲಿ ಕಾದಿರುವುದು. ಇದು ರಸಭಂಗವೇ ಸರಿ. ಆದರೆ ಅಪರಾಧವು ನಟನೊಬ್ಬನದೇ ಅಲ್ಲ. ಕೂಗಿದವರು ಯಾರು?

ಇದಕ್ಕೆ ಪ್ರತಿಯಾಗಿ ರಾಮ ಗಣೇಶ ಗಡಕರಿಯವರ ‘ಏಕಚ್ ಪ್ಯಾಲಾ’ವನ್ನು ಇಡಬೇಕು. ೧೯೧೯ರಲ್ಲಿ ಅದು ರಂಗಕ್ಕೆ ಬರುವ ಮೊದಲೇ ಕವಿಯು ತೀರಿಕೊಂಡಿದ್ದರು. ಕುಡುಕ ಗಂಡನ ಕೈಹಿಡಿದು ಬೀಸುವ ಕಲ್ಲಿನ ಪಾಲಾದ ಸಿಂಧುವಿನ ಪಾತ್ರ ಬಾಲಗಂಧರ್ವರದು. ರೇಷ್ಮೆ, ಜರಿ, ಒಡವೆಗಳಿಂದ ಸಭೆಯನ್ನು ಬೆರಗುಗೊಳಿಸುತ್ತಿದ್ದ ನಟರು ಇಲ್ಲಿ ತೇಪೆಯ ಸೀರೆಯನ್ನುಟ್ಟರು. ಆಹಾರ್ಯದ ಆಶ್ರಯವೆಲ್ಲ ಕಳಚಿಹೋದರೂ ಪಾತ್ರವು ನಿಂತಿತು. ಏಕೆಂದರೆ ಮಾತಿನ ಸ್ಫುಟತೆ, ಸ್ವರದ ಮಾರ್ದವ, ಲಯದ ಹಿಡಿತಗಳು ಉಳಿದಿದ್ದುವು. ವಾಚಿಕಸಾತ್ವಿಕಗಳಲ್ಲಿ ಅವರ ನಿಜವಾದ ಬಲವಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಹೀಗಿರಲು ೧೯೩೫ರಲ್ಲಿ ಪ್ರಭಾತ ಸಂಸ್ಥೆಯವರು ಶಾಂತಾರಾಮರ ನಿರ್ದೇಶನದಲ್ಲಿ ‘ಧರ್ಮಾತ್ಮಾ’ ಚಿತ್ರವನ್ನು ತೆಗೆದು, ಬಾಲಗಂಧರ್ವರಿಗೆ ಸಂತ ಏಕನಾಥರ ಪಾತ್ರವನ್ನು ಕೊಟ್ಟರು. ನಲವತ್ತೇಳರ ಹರೆಯದ ನಟರು, ಪಾತ್ರವು ಪುರುಷನದು. ಅಸ್ಪೃಶ್ಯರೊಡನೆ ಉಂಡ ಸಂತನ ಕಥೆಯಾದುದರಿಂದ ವಿಷಯವು ಘನವಾದುದೇ. ಆದರೆ ಮೂವತ್ತು ವರ್ಷಗಳಿಂದ ಯಾವ ಕಟ್ಟಳೆಯ ಮೇಲೆ ಆ ಕಲೆಯು ನಿಂತಿದ್ದಿತೋ ಅದನ್ನೇ ಇಲ್ಲಿ ತೆಗೆದುಹಾಕಲಾಯಿತು. ಉಳಿದುದು ವಯಸ್ಸಾಗುತ್ತಿದ್ದ ಒಬ್ಬ ಗೃಹಸ್ಥನ ಮುಖ. ಎದುರಿಗೆ ಸಭೆಯಿಲ್ಲ, ತಲೆದೂಗುವ ರಸಿಕನಿಲ್ಲ, ಹಾಡಿಗೆ ಸುರುಳಿಯ ಅಳತೆಯೇ ಮಿತಿ. ಹೆಸರು ಬಂದುದು ಚಿತ್ರಕ್ಕೆ. ಗಂಧರ್ವರಿಗೆ ಅಲ್ಲಿ ನೆಲೆ ಸಿಗಲಿಲ್ಲ.

ಎರಡು ವರ್ಷಗಳ ತರುವಾಯ, ೧೯೩೭ರಲ್ಲಿ, ಬಾಬುರಾವ ಪೇಂಟರರ ‘ಸಾಧ್ವೀ ಮೀರಾಬಾಯಿ’ಯಲ್ಲಿ ತದ್ವಿರುದ್ಧವಾದ ಪ್ರಯತ್ನ ನಡೆಯಿತು. ಇಲ್ಲಿ ಅವರೇ ಮೀರೆ. ಕಟ್ಟಳೆಯು ಮರಳಿ ಬಂದಂತಾಯಿತಲ್ಲವೆ? ಬರಲಿಲ್ಲ. ದೀಪದ ಬೆಳಕಿನಲ್ಲಿ, ಹತ್ತು ಮಾರು ದೂರದಲ್ಲಿ, ಸಭೆಯ ಸಮ್ಮತಿಯಿಂದ ಸ್ತ್ರೀಯಾಗುತ್ತಿದ್ದ ದೇಹವನ್ನು ಛಾಯಾಯಂತ್ರವು ಗೇಣಿನ ಅಂತರದಿಂದ ನೋಡಿತು. ಯಂತ್ರಕ್ಕೆ ಸಮ್ಮತಿಯೆಂಬುದು ತಿಳಿಯದು. ಇದ್ದುದನ್ನು ಇದ್ದಂತೆ ತೋರಿಸುವುದೊಂದೇ ಅದಕ್ಕೆ ಗೊತ್ತು. ಒಂದು ಚಿತ್ರವು ಸ್ತ್ರೀವೇಷವನ್ನು ಬಿಡಿಸಿ ಸೋತಿತು, ಮತ್ತೊಂದು ತೊಡಿಸಿ ಸೋತಿತು. ೧೯೩೪ರಲ್ಲಿ ಕೊಲ್ಲಾಪುರದಲ್ಲಿಯೇ ತಯಾರಾದ ನಮ್ಮ ‘ಸತಿ ಸುಲೋಚನ’ದಲ್ಲಿ ಈ ತೊಡಕೇ ಇರಲಿಲ್ಲ. ಸುಬ್ಬಯ್ಯನಾಯುಡು, ನಾಗೇಂದ್ರರಾಯರು ರಂಗದಿಂದಲೇ ಹೋದವರಾದರೂ ಇಂದ್ರಜಿತು, ರಾವಣರಾಗಿ ಹೋದರು, ಸುಲೋಚನೆಯಾದವರು ತ್ರಿಪುರಾಂಬೆಯವರು.

ಇಷ್ಟರಿಂದ ಹಳೆಯ ಕಟ್ಟಳೆಯೇ ಶ್ರೇಷ್ಠವೆಂದು ಹೇಳಿಬಿಡುವುದು ಸುಲಭ. ಹಾಗೆ ಹೇಳುವವರು ಇದ್ದಾರೆ. ಆದರೆ ಆ ಒಪ್ಪಂದದಲ್ಲಿ ಅಡಗಿದ್ದ ಅನ್ಯಾಯವನ್ನೂ ಕಾಣಬೇಕು. ಸಂಭಾವಿತ ಮನೆತನದ ಹೆಂಗಸರು ಬಾಲಗಂಧರ್ವರಂತೆ ಸೀರೆಯುಡುವುದನ್ನೂ ಮುಡಿ ಕಟ್ಟುವುದನ್ನೂ ಕಲಿತರು. ಅದೇ ಹೆಂಗಸರು ರಂಗವನ್ನೇರಿದ್ದರೆ ಮನೆಯ ಬಾಗಿಲು ಮುಚ್ಚುತ್ತಿದ್ದಿತು. ಹೆಣ್ಣು ಹೇಗಿರಬೇಕೆಂಬುದನ್ನು ಹೆಣ್ಣಿಗೆ ಗಂಡು ತೋರಿಸಿಕೊಟ್ಟ ವಿಚಿತ್ರವಿದು. ೧೯೩೮ರಲ್ಲಿ ಬೀಳಗಿಯ ಗೋಹರಬಾಯಿ ಕರ್ನಾಟಕಿಯವರು ಮಂಡಳಿಯನ್ನು ಸೇರಿ ಸ್ತ್ರೀಪಾತ್ರಗಳನ್ನು ವಹಿಸತೊಡಗಿದಾಗ ಈ ಮಾತು ಬಯಲಾಯಿತು. ಚಿತ್ರಗಾಯಕಿ ಅಮೀರಬಾಯಿಯವರ ಸೋದರಿಯಾದ ಈಕೆ ಕನ್ನಡನಾಡಿನ ಮುಸಲ್ಮಾನ ಕಲಾವಿದೆ. ಗಂಧರ್ವರ ಗಾಯನಶೈಲಿಯನ್ನು ಮೈಗೂಡಿಸಿಕೊಂಡವರು. ಪಾತ್ರ ಅದೇ, ಹಾಡು ಅದೇ, ಶೈಲಿಯೂ ಅದೇ. ಆದರೂ ಗಂಧರ್ವಭಕ್ತರು ಮುಖ ತಿರುಗಿಸಿದರು. ಮಂಡಳಿಯ ಕೇಡಿಗೆ ಆಕೆಯೇ ಕಾರಣಳೆಂದು ಇಂದಿಗೂ ಬರೆಯುವವರುಂಟು. ಸಾಲವು ಆಕೆ ಬರುವುದಕ್ಕೆ ಎಷ್ಟೋ ಮೊದಲು, ರಂಗಸಜ್ಜಿಕೆಯ ಜರಿ ಅತ್ತರುಗಳಿಂದಲೇ ಬೆಳೆದಿದ್ದಿತೆಂಬುದನ್ನು ಅವರು ಮರೆಯುವರು. ಗಾನವು ಸ್ವಭಾವತಃ ಸ್ತ್ರೀಯರಿಗೂ ಪಾಠ್ಯವು ಪುರುಷರಿಗೂ ಒಪ್ಪುವುದೆಂದು ಭರತನೇ ಹೇಳಿರುವುದನ್ನು ನೋಡಿದರೆ ಶಾಸ್ತ್ರವು ಗೋಹರಬಾಯಿಯವರ ಪಕ್ಷದಲ್ಲಿಯೇ ಇದ್ದಿತು.

ಬಾಲಗಂಧರ್ವರು ಆಕೆಯ ಕೈಯನ್ನು ಬಿಡಲಿಲ್ಲ. ಕಾಲುಗಳ ಶಕ್ತಿ ಕುಂದಿದ ಮೇಲೆಯೂ ಕುಳಿತಲ್ಲಿಯೇ ಭಜನೆಗಳನ್ನು ಹಾಡುತ್ತಿದ್ದರು. ೧೯೫೫ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, ೧೯೬೪ರಲ್ಲಿ ಪದ್ಮಭೂಷಣ ಬಂದುವು. ಅವರ ಕಲೆಯನ್ನು ಇಂದು ಅರಿಯಬಯಸುವವರು ಆ ಎರಡು ಚಿತ್ರಗಳಿಂದ ತೊಡಗಬಾರದು, ಧ್ವನಿಮುದ್ರಿಕೆಗಳಿಂದ ತೊಡಗಬೇಕು. ಮೂರು ನಿಮಿಷದ ಆ ತಟ್ಟೆಗಳಲ್ಲಿ ನೋಡುವ ಯಂತ್ರವಿಲ್ಲ. ಕೇಳುವವನು ಕಣ್ಣು ಮುಚ್ಚಿದನೆಂದರೆ ಸಿಂಧುವಾಗಲಿ ರುಕ್ಮಿಣಿಯಾಗಲಿ ಬರಲು ಅಡ್ಡಿಯಿಲ್ಲ. ಗೋಹರಬಾಯಿಯವರ ತಟ್ಟೆಗಳನ್ನೂ ಅದರ ಜೊತೆಗೇ ಕೇಳುವುದು ಒಳಿತು.