ಡೇಯುಸ್ ಗೋಷ್ಠಿಯ ಕರ್ತೃತ್ವವಿಚಾರ

ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದಲ್ಲಿ ಹದಿನೇಳನೆಯ ಶತಮಾನದ ಚಿತ್ರಕಾರನಾದ ರೂಬೆನ್ಸನು ದೊಡ್ಡದೊಂದು ಚಿತ್ರಶಾಲೆಯನ್ನು ನಡೆಸುತ್ತಿದ್ದನು. ಅಲ್ಲಿ ಒಂದೇ ಚಿತ್ರದಲ್ಲಿ ಹಲವು ಕೈಗಳು ಕೂಡುತ್ತಿದ್ದುವು. ಬಂಡೆಗೆ ಬಿಗಿಯಲ್ಪಟ್ಟ ಪ್ರೊಮೀಥಿಯಸನ ಯಕೃತ್ತನ್ನು ಹದ್ದು ಕುಕ್ಕುತ್ತಿರುವ ಪ್ರಸಿದ್ಧ ಚಿತ್ರದಲ್ಲಿ ಆ ಹದ್ದು ಸ್ನೈಡರ್ಸನೆಂಬ ಬೇರೊಬ್ಬನ ಕೈಯದು. ಈ ಸಂಗತಿಯನ್ನು ರೂಬೆನ್ಸನೇ 1618ರಲ್ಲಿ ಬರೆದ ಕಾಗದವೊಂದರಲ್ಲಿ ಮರೆಮಾಚದೆ ತಿಳಿಸಿರುವನು. ಆದರೂ ಲೋಕವು ಅದನ್ನು ರೂಬೆನ್ಸನ ಚಿತ್ರವೆಂದೇ ಕರೆಯುತ್ತ ಬಂದಿದೆ. ಹಲವರು ಕೂಡಿ ಮಾಡಿದ ಕೃತಿಗೆ ಕರ್ತೃ ಯಾರೆಂಬ ಪ್ರಶ್ನೆಯು ಹೀಗೆ ಆ ಊರಿಗೆ ಹೊಸದಲ್ಲ. ಅದೇ ಊರಿನಲ್ಲಿ 1991ರಲ್ಲಿ ಹುಟ್ಟಿದ ಡೇಯುಸ್ ಎಂಬ ರಾಕ್ ಸಂಗೀತಗೋಷ್ಠಿಯ ಚರಿತ್ರೆಯನ್ನು ನೋಡುವವರಿಗೂ ಈ ಪ್ರಶ್ನೆಯೇ ಮತ್ತೆ ಮತ್ತೆ ಎದುರಾಗುತ್ತದೆ.

ಡೇಯುಸ್ ಎಂಬುದು ಲ್ಯಾಟಿನ್ ಶಬ್ದ. ಸಂಸ್ಕೃತದ ದೇವಶಬ್ದಕ್ಕೆ ಜ್ಞಾತಿ. ರೋಮನ್ ಲಿಪಿಯಲ್ಲಿ ಬರೆಯುವಾಗ ಇವರು ಮೊದಲ ಅಕ್ಷರವನ್ನು ಚಿಕ್ಕದಾಗಿಯೂ ಉಳಿದವನ್ನು ದೊಡ್ಡದಾಗಿಯೂ ಬರೆಯುವರು. ವ್ಯಾಕರಣದ ಗೌರವವುಳ್ಳವರಿಗೆ ಇದು ಹುಡುಗಾಟಿಕೆಯೆನ್ನಿಸಬಹುದು, ಹುಡುಗಾಟಿಕೆಯೇ ಹೌದು. ಆದರೆ ಇವರ ಮೊದಲ ಕೃತಿಗಳ ಸತ್ತ್ವವೂ ಅದರಲ್ಲಿಯೇ ಇದೆ.

ಮೊದಲ ಮಂದಿ ಐವರು. ಹಾಡುಗಾರಿಕೆ ಮತ್ತು ಗಿಟಾರಿಗೆ ಟಾಮ್ ಬಾರ್ಮನ್, ಪಿಟೀಲಿಗೆ ಕ್ಲಾಸ್ ಯಾನ್ಸೋನ್ಸ್, ಮಂದ್ರಸ್ವರದ ಬೇಸ್ ಗಿಟಾರಿಗೆ ಸ್ಟೆಫ್ ಕಮಿಲ್ ಕಾರ್ಲೆನ್ಸ್, ಗಿಟಾರಿಗೆ ಚಿತ್ರಕಾರರೂ ಆದ ರೂಡಿ ಟ್ರೂವೆ, ಡ್ರಮ್ಸಿಗೆ ಯುಲ್ಲೆ ಡಿ ಬೋರ್ಗರ್. ಇವರ ಮೊದಲ ಆಲ್ಬಂ ‘ವರ್ಸ್ಟ್ ಕೇಸ್ ಸಿನಾರಿಯೊ’ 1994ರಲ್ಲಿ ಐಲೆಂಡ್ ಸಂಸ್ಥೆಯ ಮೂಲಕ ಹೊರಬಂದಿತು. ಅದರಲ್ಲಿಯ ‘ಸಡ್ಸ್ ಅಂಡ್ ಸೋಡಾ’ ಎಂಬ ಹಾಡೊಂದನ್ನೇ ಎತ್ತಿಕೊಂಡು ನೋಡಬಹುದು. ಪಿಟೀಲು ಒಂದು ಚಿಕ್ಕ ಸ್ವರಗುಚ್ಛವನ್ನು ಹಿಡಿದು ಬಿಡದೆ ಕೀರುತ್ತದೆ. ಪಾಶ್ಚಾತ್ಯರ ರಾಕ್ ಸಂಗೀತದಲ್ಲಿ ಪಿಟೀಲು ಬಂದರೆ ಸಾಮಾನ್ಯವಾಗಿ ಕರುಣೆಗೋ ಮಾಧುರ್ಯಕ್ಕೋ ಬರುವುದು. ಇಲ್ಲಿ ಅದು ಊರಿಗೆ ಬೆಂಕಿ ಬಿದ್ದಾಗಿನ ಎಚ್ಚರಿಕೆಯ ಕೂಗಿನಂತೆ ಬಂದಿದೆ. ಅದರ ಕೆಳಗೆ ಗಿಟಾರುಗಳು ತಮ್ಮ ತಮ್ಮ ದಾರಿಯನ್ನು ಹಿಡಿದಿವೆ. ಎರಡು ಕಂಠಗಳು ಒಂದರ ಮಾತನ್ನೊಂದು ಕಡಿಯುತ್ತವೆ. ಇಷ್ಟಾದರೂ ಹಾಡು ಚದರುವುದಿಲ್ಲ. ಯಾರೂ ಯಾರಿಗೂ ಒಗ್ಗಿಕೊಳ್ಳದಿರುವುದೇ ಇಲ್ಲಿ ಒಗ್ಗಟ್ಟಿಗೆ ಕಾರಣವಾಗಿದೆಯೆಂದರೆ ವಿರೋಧಾಭಾಸವೆನಿಸಬಹುದು. ಕೇಳಿದವರಿಗೆ ಅದು ಅನುಭವಸಿದ್ಧ.

ಕಾವ್ಯಕ್ಕೆ ಹೇತುವೇನೆಂಬುದನ್ನು ಹೇಳುವಾಗ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸಗಳೆಂಬ ಮೂರನ್ನು ಹೆಸರಿಸಿ, ಇವು ಮೂರು ಹೇತುಗಳಲ್ಲ, ಮೂರೂ ಕೂಡಿ ಒಂದೇ ಹೇತುವೆಂದು ಏಕವಚನದಲ್ಲಿ ಹೇಳಿರುವನು. ಆ ಏಕವಚನವು ಬಹು ಬೆಲೆಯುಳ್ಳದ್ದು. ಆಲಂಕಾರಿಕರು ಒಬ್ಬ ಕವಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದರು. ಗೋಷ್ಠಿಯಲ್ಲಿಯಾದರೋ ಈ ಮೂರು ಬೇರೆಬೇರೆ ಜನರಲ್ಲಿ ಹಂಚಿಹೋಗಿರುತ್ತವೆ. ಡೇಯುಸ್ ಗೋಷ್ಠಿಯ ಮೊದಲ ದಿನಗಳಲ್ಲಿ ಹಾಡನ್ನು ಕಟ್ಟುವ ನೈಪುಣ್ಯವು ಬಾರ್ಮನ್ನರದು; ಕಟ್ಟಿದುದನ್ನು ಕೆಡಹಿ ನೋಡುವ ಉದ್ಧಟವಾದ ಶಕ್ತಿಯು ಹೆಚ್ಚಾಗಿ ಟ್ರೂವೆ ಮತ್ತು ಕಾರ್ಲೆನ್ಸರದು. 1995ರ ‘ಮೈ ಸಿಸ್ಟರ್ ಈಕ್ವಲ್ಸ್ ಮೈ ಕ್ಲಾಕ್’ ಎಂಬ ಕಿರುಕೃತಿಯಲ್ಲಿ ಈ ಎರಡನೆಯದೇ ಮೇಲುಗೈಯಾಗಿ, ತುಂಡುತುಂಡಾದ ಹಾಡುಗಳೆಲ್ಲವನ್ನೂ ನಡುವೆ ಎಲ್ಲಿಯೂ ಕಡಿಯದೆ ಒಂದೇ ಪಟ್ಟಿಯಾಗಿ ಮುದ್ರಿಸಿದರು. ಅದು ರಸಿಕರಿಗಿಂತ ಗೋಷ್ಠಿಯವರಿಗೇ ಹೆಚ್ಚು ಸಂತೋಷವನ್ನು ಕೊಟ್ಟಿರಬೇಕು.

ಟ್ರೂವೆಯವರು ಆ ವರ್ಷವೇ ಗೋಷ್ಠಿಯನ್ನು ಬಿಟ್ಟರು. ಅವರ ಸ್ಥಾನಕ್ಕೆ ಸ್ಕಾಟ್ಲೆಂಡಿನ ಕ್ರೇಗ್ ವಾರ್ಡ್ ಬಂದರು. ಎರಿಕ್ ಡ್ರೂ ಫೆಲ್ಡ್‌ಮನ್ ಎಂಬವರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ 1996ರ ‘ಇನ್ ಎ ಬಾರ್, ಅಂಡರ್ ದಿ ಸೀ’ ಸಂತೆಯಂತಹ ಕೃತಿ; ಅಮೆರಿಕದ ಜಾಜ್ ವಿದ್ವಾಂಸ ಚಾರ್ಲ್ಸ್ ಮಿಂಗಸರ ವಾದ್ಯಸಂಗೀತದ ತುಣುಕೊಂದನ್ನು ಕತ್ತರಿಸಿ ತಂದು ಅದರ ಮೇಲೆ ಕಟ್ಟಿದ ಹಾಡೂ, ‘ಲಿಟಲ್ ಅರಿತ್ಮೆಟಿಕ್ಸ್’ ಎಂಬ ಸುಕುಮಾರವಾದ ಹಾಡೂ ಅಲ್ಲಿ ಒಂದೇ ಚಾವಣಿಯ ಕೆಳಗಿವೆ. ಇದಾದಮೇಲೆ ಕಾರ್ಲೆನ್ಸರೂ ಹೊರಟುಹೋಗಿ, ಮುಂದೆ ಜೀಟಾ ಸ್ವೂನ್ ಎಂದು ಹೆಸರಾದ ತಮ್ಮದೇ ಗೋಷ್ಠಿಯಲ್ಲಿ ನಿಂತರು.

ಇಬ್ಬರು ಹೋದಮೇಲೆ ಉಳಿಯುವುದೇನೆಂದು ಶಂಕಿಸಿದವರಿಗೆ 1999ರ ‘ದಿ ಐಡಿಯಲ್ ಕ್ರ್ಯಾಶ್’ ಉತ್ತರವನ್ನು ಕೊಟ್ಟಿತು. ಸ್ಪೇನಿನ ರೋಂಡಾ ಪಟ್ಟಣದಲ್ಲಿ ಡೇವಿಡ್ ಬಾಟ್ರಿಲ್ಲರ ನಿರ್ದೇಶನದಲ್ಲಿ ಮುದ್ರಿತವಾದ ಈ ಕೃತಿಯೇ ಇವರ ಕೃತಿಗಳಲ್ಲೆಲ್ಲ ಶ್ರೇಷ್ಠವೆಂದು ನಿಸ್ಸಂಶಯವಾಗಿ ಹೇಳಬಹುದು. ಇದರಲ್ಲಿ ಹಳೆಯ ಉತ್ಪಾತವು ಅಡಗಿಲ್ಲ, ಔಚಿತ್ಯಕ್ಕೆ ಒಳಪಟ್ಟಿದೆ. ‘ಇನ್‌ಸ್ಟಂಟ್ ಸ್ಟ್ರೀಟ್’ ಎಂಬ ಹಾಡು ನಿಧಾನವಾಗಿ, ಹೆಚ್ಚು ಕಡಮೆ ಉದಾಸೀನವಾಗಿ ಮೊದಲಾಗುತ್ತದೆ. ಹಾಡು ಮುಗಿಯಿತೆಂದು ಕೇಳುವವರು ತಿಳಿಯುವ ಹೊತ್ತಿಗೆ ಗಿಟಾರುಗಳು ಒಂದೇ ವರಸೆಯನ್ನು ಹಿಡಿದು ಮೇಲೇರತೊಡಗುತ್ತವೆ. ಪ್ರತಿ ಆವರ್ತಕ್ಕೂ ಹೊಸ ಸ್ವರವೇನೂ ಸೇರದೆ ಹೊಸ ಭಾರವೊಂದು ಸೇರುತ್ತ ಹೋಗುತ್ತದೆ. ಮಾತು ನಿಂತಮೇಲೆ ಅರ್ಥವು ಬೆಳೆಯುವುದನ್ನು ಆನಂದವರ್ಧನನು ಅನುರಣನಕ್ಕೆ ಹೋಲಿಸಿದನಷ್ಟೆ. ಇಲ್ಲಿ ಅನುರಣನವು ಪೆಟ್ಟಿಗಿಂತಲೂ ದೊಡ್ಡದಾಗಿದೆ.

ಅನಂತರ ಆರು ವರ್ಷಗಳ ಮೌನ. ಬಾರ್ಮನ್ನರು ಈ ನಡುವೆ ‘ಎನಿ ವೇ ದಿ ವಿಂಡ್ ಬ್ಲೋಸ್’ ಎಂಬ ಚಲಚ್ಚಿತ್ರವನ್ನು ನಿರ್ದೇಶಿಸಿದರು. ಅದು 2003ರಲ್ಲಿ ತೆರೆಕಂಡಿತು. 2005ರಲ್ಲಿ ‘ಪಾಕೆಟ್ ರೆವಲ್ಯೂಷನ್’ ಬಂದಾಗ ಮೊದಲಿನ ಐವರಲ್ಲಿ ಉಳಿದವರು ಬಾರ್ಮನ್ ಮತ್ತು ಯಾನ್ಸೋನ್ಸ್ ಇಬ್ಬರೇ. ಮೌರೊ ಪಾವ್ಲೊವ್‌ಸ್ಕಿ, ಆಲನ್ ಖೇವಾರ್ಟ್, ಸ್ಟೆಫಾನ್ ಮಿಸೆಖರ್ಸ್ ಎಂಬ ಹೊಸ ವಾದಕರು ನಿಪುಣರು; ಒಬ್ಬರಾದರೂ ಅಪಸ್ವರವನ್ನು ನುಡಿಸುವವರಲ್ಲ. ದೋಷವು ಅಲ್ಲಿಯೇ ಇದೆಯೆನ್ನಬೇಕಾಗುತ್ತದೆ. 2008ರ ‘ವಾಂಟೇಜ್ ಪಾಯಿಂಟ್’, 2011ರ ‘ಕೀಪ್ ಯು ಕ್ಲೋಸ್’, 2012ರ ‘ಫಾಲೋಯಿಂಗ್ ಸೀ’ ಇವುಗಳಲ್ಲಿ ಬಂಧವು ಬಿಗಿಯಾಗಿದೆ, ನಾದವು ತುಂಬಿದೆ, ಶಿಲ್ಪಿ ಬಕ್‌ಮಿನ್‌ಸ್ಟರ್ ಫುಲ್ಲರರನ್ನು ಕುರಿತ ‘ದಿ ಆರ್ಕಿಟೆಕ್ಟ್’ ಎಂಬ ಹಾಡಿನಂತೆ ವಸ್ತುವೂ ಹೊಸದಾಗಿದೆ. ಆದರೆ ಬಾರ್ಮನ್ನರ ಮಾತಿಗೆ ಎದುರುಮಾತನ್ನಾಡುವವರು ಯಾರೂ ಇಲ್ಲ. ಗ್ರೆಗ್ ಡಲ್ಲಿಯಂತಹ ಅತಿಥಿಗಾಯಕರು ಬಂದು ಹಾಡಿ ಹೋಗುವರು. ಅತಿಥಿಯು ಮನೆಯವರೊಡನೆ ಜಗಳವಾಡುವುದುಂಟೆ?

ಮೊದಲ ಕೃತಿಗಳ ಮೇಲಣ ಮೋಹವು ಕೇಳುವವರ ತಾರುಣ್ಯದ ಮೇಲಣ ಮೋಹವೇ ಹೊರತು ವಿಮರ್ಶೆಯಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ‘ಪಾಕೆಟ್ ರೆವಲ್ಯೂಷನ್’ ಕೃತಿಯ ಮೊದಲ ಹಾಡಾದ ‘ಬ್ಯಾಡ್ ಟೈಮಿಂಗ್’ ಹಿಂದಿನ ಯಾವ ಹಾಡಿಗೂ ತಲೆಬಾಗಬೇಕಾಗಿಲ್ಲ. ಆದರೆ ಆ ಹಾಡು ಒಬ್ಬನ ಮನಸ್ಸಿನ ಏರಿಕೆ. ‘ಸಡ್ಸ್ ಅಂಡ್ ಸೋಡಾ’ ಐದು ಮನಸ್ಸುಗಳ ಕಲಹ. ಹೆಸರು ಒಂದೇ ಆಗಿರುವುದರಿಂದ ಇವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಎರಡಕ್ಕೂ ಅನ್ಯಾಯ. 2005ರಿಂದ ಈಚಿನವನ್ನು ಬಾರ್ಮನ್ನರ ಕೃತಿಗಳೆಂದೇ ತಿಳಿದು ಕೇಳಿದರೆ ಅವುಗಳ ಗುಣವು ನಿಚ್ಚಳವಾಗಿ ಕಾಣುವುದು; ಹಿಂದಿನವನ್ನು ಹಾಗೆ ತಿಳಿದು ಕೇಳಿದರೆ ಟ್ರೂವೆ, ಕಾರ್ಲೆನ್ಸರಿಗೆ ಸಲ್ಲತಕ್ಕದ್ದು ಸಲ್ಲದೆಹೋಗುವುದು. ರೂಬೆನ್ಸನು ಹದ್ದಿನ ವಿಷಯದಲ್ಲಿ ತೋರಿದ ಪ್ರಾಮಾಣಿಕತೆಯನ್ನು ಕೇಳುವವರೂ ತೋರಬೇಕಾಗಿದೆ.

ಬಾರ್ಮನ್ನರಿಗೆ ಜನರನ್ನು ಕೂಡಿಸುವ ಶಕ್ತಿಯು ಕುಂದಿತೆಂದು ಇದರಿಂದ ಭಾವಿಸಲಾಗದು. 2006ರಲ್ಲಿ, ಪೌರಸಭೆಗಳ ಚುನಾವಣೆಗೆ ಮುನ್ನ, ಪರದ್ವೇಷವನ್ನು ಬೆಳೆಸುವ ರಾಜಕೀಯಕ್ಕೆ ಎದುರಾಗಿ ಅಕ್ಟೋಬರ್ 1ರಂದು ಆಂಟ್ವರ್ಪ್, ಖೆಂಟ್, ಬ್ರಸೆಲ್ಸ್, ಶಾರ್ಲರಾ ಈ ನಾಲ್ಕು ಊರುಗಳಲ್ಲಿ ಏಕಕಾಲಕ್ಕೆ ಸಂಗೀತೋತ್ಸವವನ್ನು ನಡೆಯಿಸಿದವರಲ್ಲಿ ಅವರು ಮುಂದಾಳು. ಡಚ್ಚರ ನುಡಿಯವರೂ ಫ್ರೆಂಚ್ ನುಡಿಯವರೂ ಬೇರೆಬೇರೆಯಾಗಿ ಬಾಳುವ ಆ ದೇಶದಲ್ಲಿ ಇದು ಸಣ್ಣ ಕಾರ್ಯವಲ್ಲ. ಇವರು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಹಾಡುವುದಕ್ಕೆ ಹೊರದೇಶದ ಮಾರುಕಟ್ಟೆಯೊಂದೇ ಅಲ್ಲದೆ, ಎರಡು ಮನೆಗೂ ಸೇರದ ನುಡಿಯೆಂಬುದೂ ಕಾರಣವಾಗಿರಬಹುದು. ಅದರ ನಷ್ಟವೂ ಇದೆ: ಪದಗಳು ಜಾಣತನದಿಂದ ಕೂಡಿರುವುವೇ ಹೊರತು ಮಣ್ಣಿನ ವಾಸನೆಯನ್ನು ಹೊತ್ತು ಬರುವುದು ಅಪೂರ್ವ.

2019ರಲ್ಲಿ ‘ದಿ ಐಡಿಯಲ್ ಕ್ರ್ಯಾಶ್’ ಕೃತಿಗೆ ಇಪ್ಪತ್ತು ವರ್ಷ ತುಂಬಿದಾಗ ಗೋಷ್ಠಿಯವರು ಅದನ್ನು ಮೊದಲಿನಿಂದ ಕೊನೆಯವರೆಗೆ ಊರೂರಿನಲ್ಲಿ ನುಡಿಸಿದರು. ನುಡಿಸಿದವರಲ್ಲಿ ಹೆಚ್ಚಿನವರು ಅದನ್ನು ರಚಿಸುವಾಗ ಇದ್ದವರಲ್ಲ. ಕಾಳಿದಾಸನ ನಾಟಕವನ್ನು ಯಾವ ನಟರು ಆಡಿದರೂ ಅದು ಶಾಕುಂತಲವೇ. ಹಾಗೆಯೇ ಆ ಕೃತಿಯು ಆ ವೇಳೆಗೆ ಮಾಡಿದವರ ಕೈಯನ್ನು ಬಿಟ್ಟು ಗ್ರಂಥವಾಗಿತ್ತು.

ಹತ್ತು ವರ್ಷಗಳಿಗೂ ಮೀರಿದ ಬಿಡುವಿನ ತರುವಾಯ 2023ರ ಫೆಬ್ರವರಿಯಲ್ಲಿ ಬಂದ ‘ಹೌ ಟು ರಿಪ್ಲೇಸ್ ಇಟ್’ ಎಂಬ ಕೃತಿಗೆ, ಹೋದುದನ್ನು ತುಂಬಿಕೊಳ್ಳುವ ಬಗೆ ಹೇಗೆಂಬ ಅರ್ಥದ ಹೆಸರಿದೆ. ಬಾರ್ಮನ್ನರ ಕಂಠವು ಅದರಲ್ಲಿ ಮಂದ್ರಕ್ಕೆ ಇಳಿದು, ಹಾಡುವುದಕ್ಕಿಂತ ಹೆಚ್ಚಾಗಿ ಮಾತನಾಡುತ್ತದೆ. ಕೊನೆಯ ಹಾಡು ಫ್ರೆಂಚಿನಲ್ಲಿದೆ.